ಬ್ರೋಶರ್‌ನಲ್ಲಿ ಇಲ್ಲದ ಲೆಕ್ಕ

ಅವಳನ್ನು ಇಲ್ಲಿ ಶ್ವೇತಾ ಎನ್ನುತ್ತೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ವಯಸ್ಸು 23, ಬಯೋಟೆಕ್ನಾಲಜಿಯಲ್ಲಿ ಬಿ.ಇ. ಅಮೆರಿಕದಲ್ಲಿ ಎರಡು ವರ್ಷದ ಬಯೋಮೆಡಿಕಲ್ ಸೈನ್ಸಸ್ ಎಂ.ಎಸ್.ಗೆ ಸೇರಿ ಎರಡು ತಿಂಗಳಾಗಿತ್ತು. ನಿದ್ದೆ ಬರುತ್ತಿಲ್ಲ ಎಂದು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ವಿಡಿಯೊ ಕರೆಯಲ್ಲಿ ಬಂದಳು.

"ಮೇಡಂ, ಕ್ಲಾಸಲ್ಲಿ ಎಷ್ಟೊಂದು ದೇಶದವರಿದ್ದಾರೆ. ಅದನ್ನ ನೋಡಿಯೇ ಸೇರಿದ್ದು. ಆದ್ರೆ ದುಡ್ಡಿನ ಚಿಂತೆ ಇರೋಳು ನಾನೊಬ್ಬಳೇ ಅನ್ಸುತ್ತೆ."

ಯಾರು ಯಾವ ದೇಶದವರು ಎಂಬುದನ್ನು ಬ್ರೋಶರ್ ಹೇಳುತ್ತದೆ. ಯಾರ ದುಡ್ಡಲ್ಲಿ ಬಂದರು ಅಂತ ಹೇಳುವುದಿಲ್ಲ. ಅಲ್ಲಿ ಈ ವಿಷಯದ ಪಿಎಚ್‌ಡಿಯವರಿಗೆ ಸಾಮಾನ್ಯವಾಗಿ ಫೀ ಮಾಫಿ ಇರುತ್ತದೆ, ತಿಂಗಳಿಗೆ ಸ್ಟೈಪೆಂಡ್ ಬೇರೆ. ಎಂ.ಎಸ್.ನವರಲ್ಲಿ ಹೆಚ್ಚಿನವರು ಕೈಯಿಂದ ಕಟ್ಟುತ್ತಾರೆ. ಒಂದೇ ಲ್ಯಾಬಿನ ಪಕ್ಕಪಕ್ಕದ ಬೆಂಚಿನಲ್ಲಿ ಒಬ್ಬರಿಗೆ ಸಂಬಳ, ಇನ್ನೊಬ್ಬರಿಗೆ ಸಾಲ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರು ಪಾಠ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ. ಆದ್ದರಿಂದ ಅವಳಿಗೆ ಹಾಗನ್ನಿಸಿದ್ದು ಬರೀ ಮನಸ್ಸಿನ ಆಟ ಅಂತ ನಾನು ಹೇಳಲಿಲ್ಲ.

ಮುಂದೇನು ಓದುತ್ತೀಯಮ್ಮ ಎಂದೆ. "ಎಂ.ಡಿ." ಅಂದಳು. ಅಲ್ಲಿ ಡಾಕ್ಟರಾಗಲು ಓದುವ ಮೊದಲ ಡಿಗ್ರಿಯೇ ಅದು.

ಇಲ್ಲಿ ನನಗೆ ಗಾಬರಿಯಾಯಿತು. ಇಂಥ ಎಷ್ಟೋ ಕೋರ್ಸುಗಳು ಇರುವುದೇ ಮೆಡಿಕಲ್ ಸೀಟಿಗೆ ತಯಾರಾಗುವ ಅಲ್ಲಿನವರಿಗಾಗಿ. ಹೊರದೇಶದವರನ್ನು ತೆಗೆದುಕೊಳ್ಳುವ ಮೆಡಿಕಲ್ ಕಾಲೇಜುಗಳು ಅಲ್ಲಿ ಕಡಿಮೆ. ತೆಗೆದುಕೊಂಡರೂ ಕೆಲವು ಕಡೆ ಹಲವು ವರ್ಷದ ಫೀಯನ್ನು ಮೊದಲೇ ಠೇವಣಿ ಇಡಬೇಕು. ಸೀಟು ಕೊಡಿಸಿದ ಏಜೆಂಟ್ ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ಅವನ ಕಮಿಷನ್ ಹೋಗುತ್ತಿತ್ತು, ಅಲ್ವಾ?

ಆ ದಿನ ಸಮಾಧಾನದ ಮಾತು ಕಡಿಮೆಯೇ ಆಡಿದೆ. ವೀಸಾಕ್ಕಾಗಿ ಕಾಲೇಜು ಕೊಡುವ ಐ-20 ಪತ್ರ ತೆಗೆಯಲು ಹೇಳಿದೆ. ಅದರಲ್ಲಿರುವ ಖರ್ಚು ಇಡೀ ಕೋರ್ಸಿನದಲ್ಲ, ಹೆಚ್ಚೆಂದರೆ ಒಂದು ವರ್ಷದ್ದು. ಅವಳ ಅಪ್ಪ ಅದನ್ನೇ ಪೂರ್ತಿ ಲೆಕ್ಕ ಅಂದುಕೊಂಡಿದ್ದರು. ಅವಳಿಗೆ ಗೊತ್ತಿತ್ತು, ಹೇಳಿರಲಿಲ್ಲ. ನಿದ್ದೆ ಕದ್ದದ್ದು ಸಾಲಕ್ಕಿಂತ ಈ ಗುಟ್ಟು ಅಂತ ನನಗೆ ಅನ್ನಿಸಿತು.

ಮೊದಲ ಸಲಹೆ: ಈ ವಾರವೇ ಅಪ್ಪನಿಗೆ ಹೇಳು, ಕೋರ್ಸ್ ಮುಗಿಯುವವರೆಗಿನ ಖರ್ಚು ಪೂರ್ತಿ ಬರೆದುಕೊಂಡು. ಆಮೇಲೆ ಕೋರ್ಸ್ ಡೈರೆಕ್ಟರ್ ಹತ್ತಿರ ಎರಡೇ ಪ್ರಶ್ನೆ ಕೇಳು. ಹಿಂದಿನ ಬ್ಯಾಚಿನ ಹೊರದೇಶದ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ? ಯಾವ ಲ್ಯಾಬಿನಲ್ಲಿ ಗಂಟೆ ಲೆಕ್ಕದ ಕೆಲಸ ಸಿಗುತ್ತದೆ? ನಾಲ್ಕು ವರ್ಷದ ಬಿ.ಇ. ಇರುವುದರಿಂದ ಎಂ.ಎಸ್. ಮುಗಿಯುವ ಮೊದಲೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಬಹಳ ಕಡೆ ಕೊನೆಯ ದಿನ ಡಿಸೆಂಬರ್ ಸುತ್ತಮುತ್ತ. ಕೆಲಸವೇ ಬೇಕೆಂದರೆ, ಕೋರ್ಸು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ 12 ತಿಂಗಳ ಒಪಿಟಿ, ಅಂದರೆ ಓದು ಮುಗಿದ ಮೇಲೆ ಅಲ್ಲಿ ಕೆಲಸ ಮಾಡುವ ಅನುಮತಿ, ಆದ ಮೇಲೆ ಇನ್ನೂ 24 ತಿಂಗಳು ಕೇಳಬಹುದು. ಎಂ.ಡಿ. ಆಸೆ ಬಿಡು ಅಂತ ನಾನು ಹೇಳಲಿಲ್ಲ. ಅದು ನನ್ನ ಕೆಲಸವೂ ಅಲ್ಲ.

ಮುಂದಿನ ಭೇಟಿಗೆ ಬಂದಾಗ ಅಪ್ಪನಿಗೆ ಹೇಳಿಯಾಗಿತ್ತು. ಅವರು ಬಯ್ಯಲಿಲ್ಲವಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆಯ್ತಾ?" ಎಂದು ಕೇಳಿ ಫೋನ್ ಇಟ್ಟರಂತೆ. ಮರುದಿನ ಅವರೇ ಕರೆ ಮಾಡಿ, ತಿಂಗಳಿಗೆ ಬಡ್ಡಿ ಎಷ್ಟಾಗುತ್ತೆ ಅಂತ ಬರೆದುಕೊಂಡರಂತೆ.