ಹಾಲೋ ಬಾಡಿ ಗಿಟಾರ್: ಹಳೆಯ ನಾದವನ್ನು ಹುಡುಕುವುದೆಲ್ಲಿ?

ಪ್ರಶ್ನೆ: ನಾನು ಸಾಲಿಡ್ ಬಾಡಿ (ಗಟ್ಟಿ ಮರದ ಒಡಲಿನ) ಎಲೆಕ್ಟ್ರಿಕ್ ಗಿಟಾರ್ ನುಡಿಸುವವನು. 1950ರ ದಶಕದ ಜಾಝ್ ಧ್ವನಿಮುದ್ರಣಗಳಲ್ಲಿ ಕೇಳಿಬರುವ ದುಂಡನೆಯ ನಾದಕ್ಕೆ ಮನಸೋತು ಹಾಲೋ ಬಾಡಿ (ಟೊಳ್ಳು ಒಡಲಿನ) ಗಿಟಾರ್ ಕೊಳ್ಳಬೇಕೆಂದಿದ್ದೇನೆ. ಆ ಕಾಲದ ವಾದ್ಯವನ್ನೇ ಹುಡುಕಬೇಕೇ, ಹಳೆಯ ಮಾದರಿಯಲ್ಲಿ ಹೊಸದಾಗಿ ತಯಾರಾದದ್ದು ಸಾಕೇ? ಆಗಾಗ ಡ್ರಮ್ಸ್ ಇರುವ ಬ್ಯಾಂಡಿನಲ್ಲಿಯೂ ನುಡಿಸುತ್ತೇನೆ.

ಉತ್ತರ: ನೀವು ಕೊನೆಯಲ್ಲಿ ಹೇಳಿರುವ ಬ್ಯಾಂಡಿನ ವಿಷಯವನ್ನೇ ಮೊದಲು ಯೋಚಿಸಬೇಕು. ಪೂರ್ತಿ ಟೊಳ್ಳಾದ ಗಿಟಾರಿನಲ್ಲಿ ತಂತಿಯೊಡನೆ ಮೇಲ್ಹಲಗೆಯೂ ಧಾರಾಳವಾಗಿ ಕಂಪಿಸುವುದರಿಂದ, ಮೀಟಿದ ಸ್ವರ ತಟ್ಟನೆ ಅರಳಿ ಬೇಗನೆ ಅಡಗುತ್ತದೆ. ನೀವು ಮೆಚ್ಚಿರುವ ನಾದದ ಗುಣವೇ ಅದು. ಆದರೆ ಆಂಪ್ಲಿಫೈಯರಿನ ಸದ್ದು ಏರಿದಾಗ ಅದೇ ಹಲಗೆ ಸ್ಪೀಕರಿನ ಧ್ವನಿಗೂ ಕಂಪಿಸತೊಡಗಿ ಫೀಡ್‌ಬ್ಯಾಕ್ ಎಂಬ ನಿಲ್ಲದ ಊಳು ಎದ್ದುಬಿಡುತ್ತದೆ. ಗಿಬ್ಸನ್ ಸಂಸ್ಥೆ 1958ರಲ್ಲಿ ಹೊರತಂದ ಇಎಸ್-335 ಮಾದರಿಯ ಒಳಗೆ ನಡುವೆ ಮೇಪಲ್ ಮರದ ದಿಮ್ಮಿಯನ್ನು ಕೂರಿಸಿದ್ದು ಈ ತೊಂದರೆಯನ್ನು ತಗ್ಗಿಸುವುದಕ್ಕಾಗಿ. ಅದು ಒಳ್ಳೆಯ ವಾದ್ಯವೇ, ಆದರೆ ಅದರ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಎರಡು ಬಗೆಯಲ್ಲಿಯೂ ಎಫ್ ಆಕಾರದ ರಂಧ್ರಗಳಿರುವುದರಿಂದ, ಕೊಳ್ಳುವ ಮುನ್ನ ಟಾರ್ಚ್ ಹಿಡಿದು ಒಳಗೆ ದಿಮ್ಮಿ ಇದೆಯೇ ಎಂದು ನೋಡಿಬಿಡಿ.

ಸ್ಪ್ರೂಸ್ ಮರವನ್ನು ಕೆತ್ತಿ ಮಾಡಿದ ಮೇಲ್ಹಲಗೆಯೇ ಶ್ರೇಷ್ಠ, ಪದರಗಳನ್ನು ಅಂಟಿಸಿದ ಹಲಗೆ ಕೀಳು ಎಂಬ ಮಾತನ್ನು ಎಲೆಕ್ಟ್ರಿಕ್ ವಾದ್ಯದ ವಿಷಯದಲ್ಲಿ ನಾನು ಒಪ್ಪುವುದಿಲ್ಲ. 1949ರಲ್ಲಿ ಬಂದು ಜಾಝ್ ವಾದಕರ ಕೈಯಲ್ಲಿ ನೆಲೆನಿಂತ ಗಿಬ್ಸನ್ ಇಎಸ್-175ರ ಹಲಗೆ ಪದರಗಳ ಮೇಪಲ್‌ನದೇ; ಅದರ ಬಿಗುವು ಫೀಡ್‌ಬ್ಯಾಕನ್ನು ಕೊಂಚ ತಡೆಯುತ್ತದೆ. ಇದೇ ಮಾದರಿ ಮೊದಲು ಪಿ-90 ಎಂಬ ಪಿಕಪ್‌ನೊಂದಿಗೆ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಬರುತ್ತಿದ್ದು, 1957ರಲ್ಲಿ ಹಂಬಕರ್ ಎಂಬ ಇನ್ನೊಂದು ಬಗೆಯ ಪಿಕಪ್ ಪಡೆಯಿತು. ಪಿ-90ಯಲ್ಲಿ ಸ್ವರಕ್ಕೆ ಸ್ವಲ್ಪ ಒರಟಾದ ಅಂಚಿರುತ್ತದೆ, ಜೊತೆಗೆ ವಿದ್ಯುತ್ತಿನ ಗುಂಯ್‌ಗುಟ್ಟುವ ಸದ್ದೂ ಇರುತ್ತದೆ. ಹಂಬಕರ್ ಆ ಸದ್ದನ್ನು ಅಡಗಿಸಿ ನಾದವನ್ನು ಇನ್ನಷ್ಟು ದುಂಡಾಗಿಸುತ್ತದೆ. ಬ್ಯಾಂಡಿಗೂ ಆಗಬೇಕಾದ ನಿಮಗೆ ಹಂಬಕರ್ ಇರುವ, ಪದರದ ಹಲಗೆಯ ಗಿಟಾರನ್ನೇ ಸೂಚಿಸುತ್ತೇನೆ. ರಾಕಬಿಲಿಯ (ರಾಕ್ ಮತ್ತು ಕಂಟ್ರಿ ಬೆರೆತ ಶೈಲಿ) ಮಿಂಚು ಬೇಕೆನ್ನುವವರಿಗೆ ಗ್ರೆಚ್ ಸಂಸ್ಥೆಯ ಮಾದರಿಗಳ ಫಿಲ್ಟರ್‌ಟ್ರಾನ್ ಪಿಕಪ್ ಹೆಚ್ಚು ಹೊಂದುತ್ತದೆ.

ಹೊಸದನ್ನೇ ಕೊಳ್ಳಿ. ಹಳೆಯ ಗಿಟಾರಿನಲ್ಲಿ ನೆಕ್ಕಿನ ಕೋನ ಬದಲಾಗಿರಬಹುದು, ಒಳಗಿನ ಪಟ್ಟಿಗಳ ಅಂಟು ಬಿಟ್ಟಿರಬಹುದು. ವೈರಿಂಗ್ ಕೆಟ್ಟರೆ ಎಲ್ಲವನ್ನೂ ಎಫ್ ರಂಧ್ರದ ಮೂಲಕವೇ ಹೊರಗೆಳೆದು, ಮತ್ತೆ ಅಲ್ಲಿಂದಲೇ ಒಳಗೆ ಸೇರಿಸಬೇಕಾದ ತಾಳ್ಮೆಯ ಕೆಲಸವದು. ಹಳೆಯದಕ್ಕೆ ಕೊಡುವ ಹಣದಲ್ಲಿ ಒಂದು ಪಾಲನ್ನು ಒಳ್ಳೆಯ ಆಂಪ್ಲಿಫೈಯರಿಗೆ ಉಳಿಸಿ, ಹೊಸ ಗಿಟಾರಿಗೆ ನುಣುಪಾದ ಫ್ಲಾಟ್‌ವೌಂಡ್ ತಂತಿಗಳನ್ನು ಹಾಕಿ, ಸಾಧ್ಯವಾದರೆ ಮೂರನೆಯ ತಂತಿಯೂ ಲೋಹದ ಎಳೆ ಸುತ್ತಿದ್ದೇ ಇರಲಿ. ನೀವು ಅರಸುತ್ತಿರುವ ನಾದದ ದೊಡ್ಡ ಪಾಲು ಆ ತಂತಿಗಳಲ್ಲಿಯೇ ಇದೆ. ಅಂಗಡಿಯಲ್ಲಿ ಪರೀಕ್ಷಿಸುವಾಗ ಆಂಪ್ಲಿಫೈಯರಿನ ಎದುರು ನಿಂತು, ಬ್ಯಾಂಡಿನಲ್ಲಿ ಬೇಕಾಗುವಷ್ಟು ಸದ್ದು ಏರಿಸಿ, ಅಂಗೈಯಿಂದ ತಂತಿಗಳನ್ನು ಒತ್ತಿ ಹಿಡಿಯಿರಿ. ಆಗಲೂ ಹಲಗೆ ಗುಡುಗುತ್ತಿದ್ದರೆ ಆ ವಾದ್ಯ ನಿಮ್ಮ ಉಪಯೋಗಕ್ಕೆ ಬಾರದು.

ಪ್ರಶ್ನೆ: ನನ್ನ ಹಾಲೋ ಬಾಡಿ ಗಿಟಾರಿನ ತಂತಿಗಳನ್ನು ಬದಲಿಸಿದ ಮೇಲೆ, ಶ್ರುತಿ ಮಾಡಿದರೂ ಮೇಲಿನ ಫ್ರೆಟ್‌ಗಳಲ್ಲಿ ಅಪಸ್ವರ ಬರುತ್ತಿದೆ. ಏನು ಮಾಡಲಿ?

ಉತ್ತರ: ನಿಮ್ಮ ಗಿಟಾರಿನ ಬ್ರಿಡ್ಜನ್ನು (ಮೇಲ್ಹಲಗೆಯ ಮೇಲೆ ತಂತಿಗಳನ್ನು ಹೊರುವ ಭಾಗ) ಸ್ಕ್ರೂ ಹಾಕಿ ಬಿಗಿದಿಲ್ಲವಾದರೆ, ತಂತಿಗಳ ಒತ್ತಡವಷ್ಟೇ ಅದನ್ನು ಹಿಡಿದಿರುತ್ತದೆ; ಎಲ್ಲವನ್ನೂ ಒಮ್ಮೆಗೇ ಬಿಚ್ಚಿದಾಗ ಅದು ಜರುಗಿರಬೇಕು. ಹನ್ನೆರಡನೆಯ ಫ್ರೆಟ್ ಮೇಲೆ ಬೆರಳನ್ನು ಸೋಕಿಸಿ ಹೊರಡಿಸಿದ ಹಾರ್ಮೋನಿಕ್ಕನ್ನೂ, ಅಲ್ಲಿಯೇ ಒತ್ತಿ ನುಡಿಸಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ, ತಂತಿಗಳನ್ನು ಸ್ವಲ್ಪ ಸಡಿಲಿಸಿ ಬ್ರಿಡ್ಜನ್ನು ನೆಕ್ಕಿನಿಂದ ಕೂದಲೆಳೆಯಷ್ಟು ದೂರ ಸರಿಸಿ. ಇಳಿದಿದ್ದರೆ ಹತ್ತಿರಕ್ಕೆ ತನ್ನಿ. ಎರಡೂ ಸರಿಹೊಂದಿದ ಮೇಲೆ ಬ್ರಿಡ್ಜಿನ ಪಾದದ ಬಳಿ ಸುಲಭವಾಗಿ ಕೀಳಬಹುದಾದ ಟೇಪಿನ ತುಣುಕನ್ನು ಗುರುತಿಗೆ ಅಂಟಿಸಿ, ಮುಂದಿನ ಸಲ ತಂತಿಗಳನ್ನು ಒಂದೊಂದಾಗಿಯೇ ಬದಲಿಸಿ.