ಬಹಿಷ್ಕಾರ ನಮ್ಮ ಊರಿನ ಮಾತೂ ಹೌದು

ಓದುಗರ ಪತ್ರ: ‘ಕಳೆದ ಸಂಚಿಕೆಯಲ್ಲಿ ಅಸ್ಗರ್ ಅಲಿ ಇಂಜಿನಿಯರ್ ಅವರನ್ನು ಮೌಲಾನಾ ಎಂದು ಕರೆದಿದ್ದೀರಿ. ಅವರು ಓದಿದ್ದು ಕಟ್ಟಡ ಕಟ್ಟುವ ವಿದ್ಯೆ. ಸ್ವಂತ ಜಮಾತ್ ಹೊರಗಿಟ್ಟ ವ್ಯಕ್ತಿ ಸಮುದಾಯದ ನಾಯಕ ಹೇಗಾಗುತ್ತಾರೆ? ಮುಸ್ಲಿಮರನ್ನು ಟೀಕಿಸುವ ಮುಸ್ಲಿಮರೆಂದರೆ ಪತ್ರಿಕೆಯವರಿಗೆ ಬಲು ಪ್ರೀತಿ. ಮುಂಬೈಯ ಬೋಹ್ರಾಗಳ ಜಗಳ ಗಂಗಾವತಿಯ ನಮಗೆ ಯಾಕೆ ಬೇಕು? ನಿಮ್ಮ ಜಾತಿ, ನಿಮ್ಮ ಮಠದ ಬಗ್ಗೆ ಹೀಗೆ ಬರೆದವರಿಗೆ ನಿಮ್ಮ ಪತ್ರಿಕೆಯಲ್ಲಿ ಜಾಗ ಇದೆಯೇ?’ (ಗಂಗಾವತಿಯ ಓದುಗರೊಬ್ಬರು)

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

‘ಮೌಲಾನಾ’ ಎಂದು ಅಚ್ಚಾದದ್ದು ನಮ್ಮ ತಪ್ಪು. ಬೋಹ್ರಾ ಮುಸ್ಲಿಮರ ಸುಧಾರಣೆಗಾಗಿ ದುಡಿದ ಅಸ್ಗರ್ ಅಲಿ ಉಜ್ಜಯಿನಿಯ ವಿಕ್ರಮ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ಮುಂಬೈ ಮಹಾನಗರ ಪಾಲಿಕೆಯಲ್ಲಿ ಸುಮಾರು ಎರಡು ದಶಕ ನೌಕರಿ ಮಾಡಿದವರು. ಹಾಗೆಂದು ಧರ್ಮವಿದ್ಯೆ ಇಲ್ಲದವರು ಎಂದು ನೀವು ತೀರ್ಮಾನಿಸಿದ್ದನ್ನು ನಾನು ಒಪ್ಪುವುದಿಲ್ಲ. 1939ರಲ್ಲಿ ರಾಜಸ್ಥಾನದ ಉದಯಪುರದ ಕಡೆಯ ಸಲೂಂಬರ್‌ನಲ್ಲಿ ಅವರು ಹುಟ್ಟಿದರು. ತಂದೆ ಬೋಹ್ರಾ ಆಮಿಲರು, ಅಂದರೆ ಪುರೋಹಿತರು. ಅರಬಿ ಭಾಷೆ, ಕುರ್‌ಆನ್ ವ್ಯಾಖ್ಯಾನ, ಪ್ರವಾದಿಯ ನುಡಿ-ನಡೆಗಳ ಹದೀಸ್, ಧರ್ಮಶಾಸ್ತ್ರದ ಕಾನೂನಾದ ಫಿಕ್ಹ್ ಎಲ್ಲವನ್ನೂ ಹುಡುಗ ಕಲಿತದ್ದು ತಂದೆಯ ಮುಂದೆ ಕುಳಿತು. ನಮ್ಮ ಕಡೆ ಅಯ್ಯನವರ ಮನೆಯ ಹುಡುಗರು ಶಾಲೆಯಿಂದ ಬಂದು, ಕೈಕಾಲು ತೊಳೆದು, ಅಜ್ಜನಿಗೆ ಮಂತ್ರ ಒಪ್ಪಿಸುತ್ತಿದ್ದರಲ್ಲ, ಹಾಗೆ.

ಇನ್ನು ಜಮಾತ್ ಹೊರಗಿಟ್ಟ ವಿಚಾರ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲು ಇದು.

ದಾವೂದಿ ಬೋಹ್ರಾಗಳು ಗುಜರಾತ್ ಮೂಲದ ಶಿಯಾ ಇಸ್ಮಾಯಿಲಿ ಪಂಗಡದವರು, ಬಹುಮಟ್ಟಿಗೆ ವ್ಯಾಪಾರಸ್ಥರು. ಅಚ್ಚುಕಟ್ಟಾದ, ಓದಿಗೆ ಬೆಲೆ ಕೊಡುವ ಸಮುದಾಯ ಎಂಬುದು ನಿಜ. ತಮ್ಮ ಧರ್ಮಗುರು ಸೈಯದ್ನಾ ಅವರ ಮೇಲೆ ಅವರಿಗಿರುವ ಪ್ರೀತಿಯೂ ಸುಳ್ಳಲ್ಲ. ಆದರೆ ಪ್ರತಿ ಬೋಹ್ರಾ ವಯಸ್ಸಿಗೆ ಬಂದಾಗ ಮೀಸಾಕ್ ಎಂಬ ನಿಷ್ಠೆಯ ಪ್ರತಿಜ್ಞೆ ಮಾಡಬೇಕು. ಅದನ್ನು ಮುರಿದವರೆಂದು ಗುರುಪೀಠ ಭಾವಿಸಿದವರ ಮೇಲೆ ಬರಾಅತ್ ಬೀಳುತ್ತಿತ್ತು. ಇದು ಮದುವೆಯ ಬಾರಾತ್ ಅಲ್ಲ, ಸಂಬಂಧ ಕಡಿದುಕೊಳ್ಳುವುದು. ಅಣ್ಣ ತಮ್ಮನ ಮನೆಗೆ ಹೋಗುವಂತಿಲ್ಲ. ಮದುವೆಗೆ ಅನುಮತಿ ಸಿಗುವುದಿಲ್ಲ. ಸತ್ತರೆ ಸಮುದಾಯದ ಸ್ಮಶಾನದಲ್ಲಿ ಮಣ್ಣೂ ಸಿಗುವುದಿಲ್ಲ. 1970ರ ದಶಕದ ಆರಂಭದಲ್ಲಿ ಉದಯಪುರದ ಬೋಹ್ರಾಗಳಲ್ಲಿ ಒಂದು ಗುಂಪು ಇದರ ವಿರುದ್ಧ ಎದ್ದು ನಿಂತಿತು. ಅಸ್ಗರ್ ಅಲಿ ಈ ಗುಂಪಿನವರ ಜೊತೆ ನಿಂತರು. ಅವರಿಗಾಗಿ ಬರೆದರು, ಊರೂರು ತಿರುಗಿದರು, ಏಟು ತಿಂದರು. 2000ದ ಫೆಬ್ರವರಿಯಲ್ಲಿ ಮುಂಬೈಯ ಸಾಂತಾಕ್ರೂಜ್‌ನಲ್ಲಿದ್ದ ಅವರ ಮನೆಗೂ ಕಚೇರಿಗೂ ಗುಂಪು ನುಗ್ಗಿ ಎಲ್ಲವನ್ನೂ ಪುಡಿಗಟ್ಟಿತು.

ಈ ಬಹಿಷ್ಕಾರ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಬಾಂಬೆ ಪ್ರಾಂತ್ಯ 1949ರಲ್ಲಿ ಬಹಿಷ್ಕಾರ ನಿಷೇಧಿಸಿ ಕಾನೂನು ತಂದಿತ್ತು. 1962ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಅದು ಪಂಗಡದ ಧಾರ್ಮಿಕ ಹಕ್ಕಿಗೆ ಧಕ್ಕೆ ತರುತ್ತದೆ ಎಂದು ರದ್ದು ಮಾಡಿದರು. ಒಪ್ಪದೆ ಉಳಿದ ಐದನೆಯವರು ಸ್ವತಃ ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ. ಜಯಪ್ರಕಾಶ ನಾರಾಯಣರು ಕಟ್ಟಿದ ಸಂಘಟನೆಯೊಂದು ನೇಮಿಸಿದ ನಾಥ್ವಾನಿ ಆಯೋಗ ಭಿನ್ನಮತೀಯ ಬೋಹ್ರಾಗಳ ಸಂಕಟವನ್ನು ಕೇಳಿ 1979ರಲ್ಲಿ ವರದಿ ಕೊಟ್ಟಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು.

‘ಇದು ನಮಗೆ ಯಾಕೆ’ ಎಂದು ಕೇಳಿದ್ದೀರಿ. ಮರಕುಂಬಿ ನಿಮ್ಮದೇ ತಾಲ್ಲೂಕಿನ ಊರು. 2014ರ ಆಗಸ್ಟ್‌ನಲ್ಲಿ ಅಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದಾಗ ದೇಶವೆಲ್ಲ ಆ ಊರಿನ ಹೆಸರು ಕೇಳಿತು. ಜಗಳದ ಬೇರು ಇದ್ದದ್ದು ಕ್ಷೌರದ ಅಂಗಡಿಯಲ್ಲಿ, ಹೋಟೆಲಿನಲ್ಲಿ. ಕುರ್ಚಿಯ ಮೇಲೆ ಕೂರಬೇಡ, ಇಲ್ಲಿ ಚಹಾ ಕುಡಿಯಬೇಡ ಎಂಬ ಮಾತಿನಲ್ಲಿ. ಒಂದು ಕಡೆ ಅಸ್ಪೃಶ್ಯತೆ, ಇನ್ನೊಂದು ಕಡೆ ಗುರುಪೀಠದ ಆಜ್ಞೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಪಕ್ಕದ ಮನೆಯವನು ನಿಮ್ಮನ್ನು ಕಂಡೂ ಕಾಣದಂತೆ ಹಾದುಹೋಗುವಾಗ ಆಗುವ ಸಂಕಟ ಎರಡು ಕಡೆಯೂ ಅದೇ. ಆ ಸಂಕಟವನ್ನು ಉಂಡವನು ನಾಯಕನಾಗಲಾರ ಎಂದರೆ, ನಾಯಕನಾಗುವ ಅರ್ಹತೆ ಹೊರಗಿಡುವವರಿಗೆ ಮಾತ್ರ ಉಳಿಯುತ್ತದೆ.

ಅಸ್ಗರ್ ಅಲಿ ತಮ್ಮವರನ್ನಷ್ಟೇ ಟೀಕಿಸಿದರೆಂಬುದೂ ಸರಿಯಲ್ಲ. 1961ರ ಜಬಲ್ಪುರದ ಗಲಭೆ ನಡೆದಾಗ ಅವರು ಇನ್ನೂ ವಿದ್ಯಾರ್ಥಿ. ಆ ಸುದ್ದಿ ಅವರನ್ನು ಜೀವನವಿಡೀ ಬಿಡಲಿಲ್ಲ. ಮುಂದೆ ಗಲಭೆ ನಡೆದ ಊರುಗಳಿಗೆ ತಾವೇ ಹೋಗಿ, ಯಾರ ಅಂಗಡಿ ಸುಟ್ಟಿತು, ಅದರ ಎದುರು ಯಾರ ಅಂಗಡಿ ಇತ್ತು ಎಂದು ಕೇಳುತ್ತ ನಡೆದರು. ಜಬಲ್ಪುರದ ಹಿಂದೆ ಬೀಡಿ ಉದ್ಯಮದ ಪೈಪೋಟಿಯನ್ನು ಅವರು ಕಂಡರು. ಮೊರಾದಾಬಾದ್‌ನ ಹಿತ್ತಾಳೆ, ಭಿವಂಡಿಯ ಮಗ್ಗ ಎಂದರೆ ಅವರಿಗೆ ಗಲಭೆಯ ಲೆಕ್ಕದ ಪುಸ್ತಕದ ಪುಟಗಳು. ಭತ್ತದ ದಲ್ಲಾಳಿ ಅಂಗಡಿಗಳ ನಡುವೆ ಬೆಳೆದ ನಿಮಗೆ ಈ ಬಗೆಯ ಲೆಕ್ಕ ನನಗಿಂತ ಬೇಗ ತಿಳಿದೀತು. ಇಲ್ಲಿ ನನಗೆ ಅವರೊಂದಿಗೆ ಒಂದು ತಕರಾರೂ ಇದೆ. ದ್ವೇಷವೆಲ್ಲ ಯಾರದೋ ಸ್ವಾರ್ಥ ಹಚ್ಚಿದ ಬೆಂಕಿ ಎಂದು ಅವರು ಅತಿಯಾಗಿ ನಂಬಿದರು. ಲಾಭದ ಆಸೆ ಇಲ್ಲದ ಮನೆಗಳಲ್ಲೂ ದ್ವೇಷ ತಾನೇ ತಾನಾಗಿ ಬೆಳೆಯುವುದನ್ನು ನಾನು ನೋಡಿದ್ದೇನೆ. ಮುಂಬೈ ಗಲಭೆಗಳು ಮುಗಿದ 1993ರಲ್ಲಿ ಅವರು ಸಮಾಜ ಮತ್ತು ಜಾತ್ಯತೀತತೆಯ ಅಧ್ಯಯನಕ್ಕಾಗಿಯೇ ಒಂದು ಕೇಂದ್ರ ಕಟ್ಟಿದರು. 2004ರಲ್ಲಿ ಸ್ವಾಮಿ ಅಗ್ನಿವೇಶರ ಜೊತೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಹಂಚಿಕೊಂಡರು. 2013ರ ಮೇ 14ರಂದು ಮುಂಬೈಯಲ್ಲಿ ತೀರಿಕೊಂಡರು.

ನಾನು ಅವರನ್ನು ಓದಲು ಶುರು ಮಾಡಿದ್ದು ಗಲಭೆಗಳಿಂದಾಗಿ ಅಲ್ಲ, ಒಂದು ನೀಲಿ ಇನ್‌ಲ್ಯಾಂಡ್ ಪತ್ರದಿಂದಾಗಿ.

ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಕೊಪ್ಪಳದಲ್ಲಿ ಕೌದಿ ಹೊಲಿದು ಬದುಕುತ್ತಿದ್ದ ತಾಯಿಯೊಬ್ಬಳು ನಮ್ಮ ಕಚೇರಿಗೆ ಬಂದು, ಸೆರಗಿನ ಗಂಟು ಬಿಚ್ಚಿ ಪತ್ರ ಕೊಟ್ಟಳು. ಗಂಡ ಮುಂಬೈಯಿಂದ ಬರೆದದ್ದು, ಉರ್ದುವಿನಲ್ಲಿ. ಆಕೆಗೆ ಓದು ಬಾರದು, ನನಗೆ ಉರ್ದು ಬಾರದು. ತಹಶೀಲ್ದಾರ್ ಕಚೇರಿಯ ಎದುರು ಬೇವಿನ ಮರದ ಕೆಳಗೆ, ನಿಜಾಮರ ಕಾಲದ ಜಮೀನಿನ ಕಾಗದಗಳನ್ನು ಓದಿ ಹೇಳುವ ವೃದ್ಧರೊಬ್ಬರು ಕೂರುತ್ತಿದ್ದರು. ಅವರ ಬಳಿ ಕರೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿ ಕಣ್ಣಾಡಿಸಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಏರಿಸಿದರು. ಒಂದೇ ಪದ ಮೂರು ಸಲ ಬರೆದಿತ್ತು. ಅದನ್ನು ಅವರು ಗಟ್ಟಿಯಾಗಿ ಓದಲಿಲ್ಲ, ಬೆರಳಿಟ್ಟು ತೋರಿಸಿದರು. ಆಕೆ ಕೇಳಿದ್ದು ಒಂದೇ: ‘ನನ್ನ ಹೆಸರು ಸರಿಯಾಗಿ ಬರೆದಾನೇನ್ರಿ?’

ಆ ರಾತ್ರಿಯಿಂದ ನಾನು ತಲಾಕಿನ ವಿಷಯದಲ್ಲಿ ಕೈಗೆ ಸಿಕ್ಕದ್ದನ್ನೆಲ್ಲ ಓದಿದೆ. ಹೊರಗಿನವರು ಬರೆದದ್ದರಲ್ಲಿ ಬೈಗುಳ ಬಹಳ ಇತ್ತು, ಆ ತಾಯಿಗೆ ಉಪಯೋಗಕ್ಕೆ ಬರುವ ಮಾತು ಇರಲಿಲ್ಲ. ಅದು ಸಿಕ್ಕಿದ್ದು ಅಸ್ಗರ್ ಅಲಿ ಅವರ ಬರಹಗಳಲ್ಲಿ. ಅವರು ಗ್ರಂಥವನ್ನೇ ಮುಂದಿಟ್ಟು ವಾದಿಸಿದರು. ಜಗಳ ಬಂದರೆ ಗಂಡಿನ ಕಡೆಯಿಂದ ಒಬ್ಬರು, ಹೆಣ್ಣಿನ ಕಡೆಯಿಂದ ಒಬ್ಬರು ಮಧ್ಯಸ್ಥರಿರಲಿ ಎಂದು ಕುರ್‌ಆನಿನ ನಾಲ್ಕನೆಯ ಅಧ್ಯಾಯ ಹೇಳುತ್ತದೆ. ಎರಡು ತಲಾಕಿನ ನಂತರ ಸೌಜನ್ಯದಿಂದ ಇಟ್ಟುಕೊಳ್ಳಬೇಕು, ಇಲ್ಲವೇ ಒಳ್ಳೆಯ ರೀತಿಯಲ್ಲಿ ಕಳಿಸಿಕೊಡಬೇಕು ಎಂದು ಎರಡನೆಯ ಅಧ್ಯಾಯ ಹೇಳುತ್ತದೆ. ಹೀಗಿರುವಾಗ ಒಂದೇ ಉಸಿರಿನ ಮೂರು ತಲಾಕ್ ಧರ್ಮ ಹೇಗಾದೀತು? ಅದ್ಲ್, ಇಹ್ಸಾನ್, ರಹ್ಮತ್, ಹಿಕ್ಮತ್, ಅಂದರೆ ನ್ಯಾಯ, ಒಳಿತು, ಕರುಣೆ, ವಿವೇಕ. ಈ ನಾಲ್ಕರ ಮೇಲೆ ನಿಲ್ಲದ ಫಿಕ್ಹ್‌ನ ನಿಯಮವನ್ನು ಮತ್ತೆ ಪರೀಕ್ಷಿಸಬೇಕು ಎಂಬುದು ಅವರ ನಿಲುವು. ಗಂಡ ತಲಾಕ್ ಕೊಟ್ಟ ಇಂದೋರ್‌ನ ಶಾಬಾನು ಎಂಬ ವೃದ್ಧೆಗೆ ಹೈಕೋರ್ಟ್ ಗೊತ್ತು ಮಾಡಿದ ಜೀವನಾಂಶ ತಿಂಗಳಿಗೆ 179 ರೂಪಾಯಿ 20 ಪೈಸೆ. 1985ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿದಾಗ ದೊಡ್ಡ ದೊಡ್ಡ ಉಲೇಮಾಗಳೇ ವಿರೋಧಿಸಿದರು. ಅಸ್ಗರ್ ಅಲಿ ಆಕೆಯ ಪಕ್ಷದಲ್ಲಿ ನಿಂತರು. ಹಾಗೆಂದು ಎಲ್ಲರಿಗೂ ಒಂದೇ ಕಾನೂನು ಹೇರಿ ಎಂದವರ ಸಾಲಿಗೂ ಸೇರಲಿಲ್ಲ. ಮುಸ್ಲಿಂ ವೈಯಕ್ತಿಕ ಕಾನೂನನ್ನು ಒಳಗಿನಿಂದಲೇ ತಿದ್ದಿ, ಬರೆದಿಡಬೇಕು ಎಂದರು. ತಕ್ಷಣದ ಮೂರು ತಲಾಕನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2017ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸಲು ಎರಡು ದಿನ ಹಿಡಿಯಿತು. ಎರಡು ವರ್ಷಗಳ ಹಿಂದೆ ನಮ್ಮದೇ ಜಿಲ್ಲೆಯ ಒಂದು ಹಳ್ಳಿಯಿಂದ ಪತ್ರ ಬಂದಿತ್ತು. ಬೇರೆ ಜಾತಿಯ ಹುಡುಗನನ್ನು ಮದುವೆಯಾದ ಮಗಳನ್ನು ಮನೆಗೆ ಕರೆದರೆಂದು ಒಂದು ಕುಟುಂಬಕ್ಕೆ ಊರವರು ನೀರು, ಬೆಂಕಿ, ಮಾತು ನಿಲ್ಲಿಸಿದ್ದರು. ಪತ್ರ ಬರೆದಿದ್ದು ಆ ಮನೆಯ ಯಜಮಾನರು. ಹಾಗೆ ಹೊರಗಿಟ್ಟವರು ನನ್ನ ಜಾತಿಯವರು, ಕೆಲವರು ನನ್ನ ನೆಂಟರೂ ಹೌದು. ಅದು ಅಚ್ಚಾದರೆ ಮನೆಮಂದಿಗೆ ಇನ್ನಷ್ಟು ತೊಂದರೆಯಾದೀತು ಎಂದು ನನಗೆ ನಾನೇ ಹೇಳಿಕೊಂಡು ಅದನ್ನು ಕಡತದೊಳಗೆ ಇಟ್ಟೆ. ಅವರನ್ನು ಒಂದು ಮಾತು ಕೇಳಲಿಲ್ಲ.

ನಿನ್ನೆ ಬಸ್ ಹಿಡಿದು ಆ ಊರಿಗೆ ಹೋಗಿ ಅವರನ್ನು ಕಂಡು ಬಂದೆ. ಹೆಸರು, ಊರು ಬಿಟ್ಟು ಉಳಿದದ್ದನ್ನೆಲ್ಲ ಹಾಕಿ ಎಂದರು. ಅವರ ಪತ್ರ ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಬರುತ್ತದೆ.