ಅಂಗಡಿಗೆ ಬಾರದ ಪ್ಲಾಸ್ಟಿಕ್‌ವಿಲ್ ಕಟ್ಟಡದ ನಕಲು: ಕೊಳ್ಳುವ ಮುಂಚೆ ಬುಡ ನೋಡಿ

ಸರ್, ಅಮೆರಿಕದ ಪೆನ್ಸಿಲ್ವೇನಿಯಾದ ಯಾರ್ಕ್‌ನ ಆಟದ ರೈಲು ಸಂತೆಯಲ್ಲಿ ಒಬ್ಬರು ಪ್ಲಾಸ್ಟಿಕ್‌ವಿಲ್ ಆಟಿಕೆ ಕಟ್ಟಡವೊಂದರ ನಕಲು ತೋರಿಸಿದರು, ಅದರ ಚಿತ್ರ ಹಳೇ ಕ್ಯಾಟಲಾಗ್‌ನಲ್ಲಿ ಮಾತ್ರ ಇದೆ, ಕಂಪನಿ ಅದನ್ನು ಮಾರಲೇ ಇಲ್ಲ, ಕೊಳ್ಳಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಕೊಳ್ಳಿ. ಆದರೆ ದುಡ್ಡು ಕೊಡುವ ಮುಂಚೆ ಅದನ್ನು ತಲೆಕೆಳಗು ಮಾಡಿ ನೋಡಿ.

ಗುಂಪಿಗೆ ಹೊಸಬರಿದ್ದಾರೆ, ಅವರಿಗಾಗಿ ಎರಡು ಮಾತು. ಫಿಲಡೆಲ್ಫಿಯಾದ ಬ್ಯಾಕ್‌ಮನ್ ಬ್ರದರ್ಸ್ 1940ರ ದಶಕದ ಕೊನೆಯಿಂದ ಮಾಡಿದ ಪುಟ್ಟ ಊರು ಈ ಪ್ಲಾಸ್ಟಿಕ್‌ವಿಲ್. ಮನೆ, ಚರ್ಚು, ಶಾಲೆ, ಪೆಟ್ರೋಲ್ ಬಂಕ್ ಎಲ್ಲಾ ಉಂಟು. ಅಂಟು ಬೇಡ, ಗೋಡೆಗೆ ಗೋಡೆ ಕಚ್ಚಿಸಿದರೆ ಸಾಕು. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಮರದ ಬುಡದಲ್ಲಿ ಇಂಥ ಊರು ಕಟ್ಟಿ ಸುತ್ತ ರೈಲು ಓಡಿಸುತ್ತಾರೆ. ದಸರಾ ಗೊಂಬೆ ಮುಂದೆ ರಾಗಿ ಪೈರು ಬೆಳೆಸಿ ನಾವು ಪಾರ್ಕು ಮಾಡ್ತೀವಲ್ಲ, ಅದೇ ಖುಷಿ.

ಕ್ಯಾಟಲಾಗ್‌ನಲ್ಲಿದ್ದದ್ದು ಅಂಗಡಿಗೆ ಬರದೇ ಹೋಗುವುದು ಆಟಿಕೆ ವ್ಯಾಪಾರದಲ್ಲಿ ಮಾಮೂಲು. ಮೊದಲು ಕೈಯಲ್ಲೇ ಒಂದು ಸ್ಯಾಂಪಲ್ ಮಾಡಿ ಫೋಟೋ ತೆಗೆಯುತ್ತಾರೆ. ಉಕ್ಕಿನ ಅಚ್ಚು ಕೊರೆಸುವುದಕ್ಕೇ ಜಾಸ್ತಿ ಖರ್ಚು. ಆರ್ಡರ್ ಸಾಲದಿದ್ದರೆ ಅಚ್ಚು ಆಗುವುದೇ ಇಲ್ಲ.

ಈಗ ಬುಡದ ವಿಷಯ. ಕಾರ್ಖಾನೆಯ ಪಾಲಿಸ್ಟೈರೀನ್ (ಗಟ್ಟಿ ಪ್ಲಾಸ್ಟಿಕ್) ಗೋಡೆಯ ಒಳಗಡೆ ಪುಟ್ಟ ದುಂಡು ಗುರುತುಗಳಿರುತ್ತವೆ. ಅಚ್ಚಿನಿಂದ ತುಂಡನ್ನು ಹೊರಗೆ ತಳ್ಳುವ ಪಿನ್ನು ಬಿಟ್ಟ ಗುರುತು ಅದು. ಉಗುರಿನಿಂದ ತಟ್ಟಿದರೆ ಟಣ್ ಅನ್ನುತ್ತದೆ. ರೆಸಿನ್ (ದ್ರವವಾಗಿ ಸುರಿದು ಗಟ್ಟಿಯಾಗಿಸುವ ಪ್ಲಾಸ್ಟಿಕ್) ಎರಕದ ನಕಲು ಮಂದವಾಗಿ ಸದ್ದು ಮಾಡುತ್ತದೆ, ಸ್ವಲ್ಪ ದಪ್ಪಗಿರುತ್ತದೆ, ಮೂಲೆಗಳಲ್ಲಿ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆ ಕಾಣಬಹುದು. ತ್ರೀಡಿ ಪ್ರಿಂಟ್ ಆದರೆ ಓರೆ ಬೆಳಕಿನಲ್ಲಿ ಪದರದ ಗೆರೆ ಕಾಣುತ್ತದೆ. ಇವು ಯಾವುವೂ ದೋಷ ಅಲ್ಲ. ನಕಲು ನಕಲಿನ ಹಾಗಿರಲಿ.

ನಾನು ನೋಡಲು ಹೇಳುತ್ತಿರುವುದು ಮಾಡಿದವರ ಹೆಸರನ್ನು. ಹೆಸರು, ವರ್ಷ, ನಕಲು ಅನ್ನುವ ಮಾತು ಮೂರೂ ಗೋಡೆಯಲ್ಲೇ ಕೊರೆದಿರಬೇಕು. ಸ್ಟಿಕ್ಕರ್ ಸಾಲದು. ಕೆಲವು ವರ್ಷದ ಹಿಂದೆ ನನಗೆ ಒಬ್ಬ ಮಾರಾಟಗಾರ ಕಾರ್ಖಾನೆಯ ಸ್ಯಾಂಪಲ್ ಅಂತ ಒಂದು ಕಟ್ಟಡ ಕೊಟ್ಟ. ಮನೆಗೆ ಬಂದು ಚಾವಣಿ ಬಿಚ್ಚಿದರೆ ಒಳಗೆ ಸ್ಟಿಕ್ಕರ್ ಕಿತ್ತ ಅಂಟು, ಚೌಕಾಕಾರವಾಗಿ, ಧೂಳು ಹಿಡಿದು ಕಪ್ಪಾಗಿತ್ತು. ದುಡ್ಡು ಹೋದ ಬೇಜಾರಿಗಿಂತ, ಅಷ್ಟು ಚೆಂದ ಮಾಡಿದವರ ಹೆಸರೇ ಅಳಿಸಿಹೋಯಿತಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನಿಮ್ಮದರಲ್ಲಿ ಕೊರೆದಿರದಿದ್ದರೆ ಅಲ್ಲೇ ಕೊರೆಸಿಕೊಳ್ಳಿ. ಒಳ್ಳೇ ಕೆಲಸಗಾರರು ಇಲ್ಲ ಅನ್ನುವುದಿಲ್ಲ.

ಅಳತೆ ಎಲ್ಲಿಂದ ತೆಗೆದಿರಿ ಅಂತಲೂ ಕೇಳಿ. ಫೋಟೋ ಒಂದೇ ಆಧಾರವಾದರೆ, ಪಕ್ಕದಲ್ಲಿರುವ ಗೊತ್ತಿರುವ ಕಟ್ಟಡದ ಬಾಗಿಲನ್ನೇ ಅಳತೆಕೋಲು ಮಾಡಿಕೊಂಡು, ಗೋಡೆಯ ಹಲಗೆ ಗೆರೆ ಎಣಿಸುತ್ತಾರೆ. ಫೋಟೋದಲ್ಲಿ ಕಾಣದ ಹಿಂಗೋಡೆ ಊಹೆಯೇ. ಯಾವ ಭಾಗ ಊಹೆ ಅಂತ ಬಿಚ್ಚಿ ಹೇಳುವವರ ಕೈಕೆಲಸ ನಂಬಬಹುದು. ಅವರು ಹೇಳಿದ್ದನ್ನು ಚೀಟಿಯಲ್ಲಿ ಬರೆದು ಕ್ಯಾಟಲಾಗ್ ಪುಟದ ಪ್ರತಿ ಜೊತೆ ಪೆಟ್ಟಿಗೆಗೆ ಹಾಕಿಡಿ.

ಮನೆಗೆ ತಂದ ಮೇಲೆ ರೆಸಿನ್ ಗೋಡೆಯನ್ನು ಮೂಲದ ಹಾಗೆ ಬಗ್ಗಿಸಿ ಕಚ್ಚಿಸಬೇಡಿ, ಕೊಕ್ಕೆ ಪಟ್ ಅಂತ ಮುರಿಯುತ್ತೆ. ಗೋಡೆ ಸೊಟ್ಟಗಾಗಿದ್ದರೆ ಬಿಸಿ ನೀರಿನಲ್ಲಿ ಅದ್ದಿ (ಕುದಿಯುವ ನೀರು ಬೇಡ), ಗಾಜಿನ ಮೇಲಿಟ್ಟು ಭಾರ ಹೇರಿ ಆರಲು ಬಿಡಿ. ಒಳಗೆ ಹಳೇ ಬಲ್ಬು ಹಾಕಬೇಡಿ, ಶಾಖಕ್ಕೆ ಚಾವಣಿ ಬಾಗುತ್ತೆ. ಎಲ್ಇಡಿ ಸಾಕು. ಮೆತ್ತನೆಯ ಪಿವಿಸಿ ಹಾಳೆಯಲ್ಲಿ ಸುತ್ತಿಡುವುದಂತೂ ಬೇಡ, ಅದು ತಾಗಿದ ಪಾಲಿಸ್ಟೈರೀನ್ ಮನೆಗಳನ್ನು ಮೆತ್ತಗಾಗಿಸಿ ಅಂಟಿಕೊಳ್ಳುತ್ತೆ.

ತಂದ ಮೇಲೆ ಚಾವಣಿ ತೆಗೆದು ಒಳಗಡೆಯ ಫೋಟೋ ಹಾಕಿ ಸರ್. ಮುಂಭಾಗದ್ದು ಆಮೇಲೆ ನೋಡೋಣ.